ಒಂದೇ ಹಗ್ಗದ ಎತ್ತುಗಳು

ಕಣದ ನಡುವಿನ ಮೇಟಿಕಂಬಕ್ಕೆ ಎರಡು ಎತ್ತುಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿ ರಾಗಿ ತುಳಿಸುತ್ತಿದ್ದರು. ಕಂಬದ ಪಕ್ಕದಲ್ಲಿದ್ದ ಮಾಸನೆಂಬ ಎತ್ತು ನಿಂತಲ್ಲೇ ತಿರುಗಿದಂತೆ ನಡೆದರೆ ಸಾಕಿತ್ತು. ಹೊರ ಅಂಚಿನಲ್ಲಿದ್ದ ಕೆಂದ ಅದೇ ಸುತ್ತು ಮುಗಿಸಲು ಓಡಬೇಕಿತ್ತು. ಅವುಗಳ ಸ್ನೇಹವನ್ನು ಕೊಟ್ಟಿಗೆಯೆಲ್ಲ ಹೊಗಳುತ್ತಿತ್ತು.

“ಮಾಸಣ್ಣ, ನನ್ನ ಗೊರಸು ಸೀಳಿದೆ. ನಾಳೆ ಬೆಳಿಗ್ಗೆ ಕಟ್ಟುವಾಗ ನಾನು ಕಂಬದ ಕಡೆ ನಿಲ್ಲಲೇ?” ಎಂದು ಕೆಂದ ಕೇಳಿತು.

“ಸ್ನೇಹದಲ್ಲಿ ಆ ಕಡೆ ಈ ಕಡೆ ಎನ್ನುವುದುಂಟೇ, ತಮ್ಮಾ? ನೀನು ಹಾಕಿದಷ್ಟೇ ಸುತ್ತು ನಾನೂ ಹಾಕಿದ್ದೇನೆ. ಒಂದಾದರೂ ಕಡಿಮೆ ಇದ್ದರೆ ಹೇಳು,” ಎಂದಿತು ಮಾಸ.

ಕೆಂದ ಯೋಚಿಸಿ ನೋಡಿತು. ಒಂದೂ ಕಡಿಮೆ ಇರಲಿಲ್ಲ. ಕೇಳಿದ್ದಕ್ಕೆ ನಾಚಿಕೊಂಡು ಮತ್ತೆ ಓಡಿತು. ಮೂರನೆಯ ದಿನ ಕಣದಲ್ಲೇ ಬಿದ್ದದ್ದು ಮತ್ತೆ ಏಳಲಿಲ್ಲ.

ಮರುದಿನ ಹೊರ ಅಂಚಿಗೆ ಹೊಸ ಹೋರಿಯೊಂದನ್ನು ಕಟ್ಟಿದರು. ಮೊದಲ ಸುತ್ತಿನಲ್ಲೇ ಮಾಸ ಕಣ್ಣು ತುಂಬಿಕೊಂಡು ಹೇಳಿತು: “ಕೆಂದನಂಥ ಗೆಳೆಯ ಇನ್ನು ನನಗೆ ಸಿಗುವುದಿಲ್ಲ. ಕೊನೆಯ ದಿನದವರೆಗೂ ನನ್ನ ಪಕ್ಕದಲ್ಲೇ ನಡೆದ.”

“ನಡೆದನೇ?” ಎಂದು ಹೋರಿ ಓಡುತ್ತಲೇ ಕೇಳಿತು.