ಹಳ್ಳಕ್ಕೆ ಬಿಟ್ಟ ಜಾಗ

ಹೊಳೆ ಊರನ್ನು ಕೊಚ್ಚಿಕೊಂಡು ಹೋದ ಮೇಲೆ ನಲವತ್ತು ಮನೆಯವರು ಮಠದ ಅಂಗಳದಲ್ಲಿ ಚಾಪೆ ಹಾಸಿದ್ದರು. ಗುರು ನಿರ್ವಾಣಯ್ಯ ಮಠದ ಜಮೀನನ್ನೇ ಅವರಿಗೆ ಬಿಟ್ಟುಕೊಟ್ಟು, ಮನೆಗಳ ಜಾಗ ಗುರುತಿಸುವ ಕೆಲಸವನ್ನು ಶಿಷ್ಯ ಚನ್ನಮಲ್ಲನಿಗೆ ಒಪ್ಪಿಸಿದರು.

ಚನ್ನಮಲ್ಲ ಬಿರುಬೇಸಿಗೆಯಲ್ಲಿ ಹಗ್ಗ ಹಿಡಿದು ಅಳೆದ. ಮೇಲಿನ ಮರಡಿಗುಡ್ಡ ಬರೀ ಕಲ್ಲು, ಅದನ್ನು ಬಿಟ್ಟ. ಕೆಳಗಿನ ನೆಲ ಮೆತ್ತಗೆ, ಸಮತಟ್ಟು. ಅಲ್ಲೇ ನಲವತ್ತು ಮನೆಗೂ ಸುಣ್ಣದ ಗೆರೆ ಎಳೆದ. ಎಲ್ಲಕ್ಕಿಂತ ಚೆಂದದ ಜಾಗವನ್ನು ತುಂಗವ್ವನಿಗೆ ಕೊಟ್ಟ. ಹೊಳೆಯಲ್ಲಿ ಗಂಡನನ್ನೂ ಕಳೆದುಕೊಂಡವಳು, ಪಾಪ. ಎರಡು ಕೂಸುಗಳ ತಾಯಿ.

ಗುದ್ದಲಿ ಪೂಜೆಯ ದಿನ ಗುರು ಆ ಜಾಗದಲ್ಲೇ ನಿಂತರು. ಕುಂಕುಮ ಹಚ್ಚಿದ ಗುದ್ದಲಿಯಿಂದ ಒಂದೇಟು ಹಾಕುವುದು ವಾಡಿಕೆ. ಅವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಮೊಣಕಾಲುದ್ದ ಅಗೆದರು. ಜನ ಮುಖ ಮುಖ ನೋಡಿಕೊಂಡರು.

ಗುಂಡಿಯೊಳಗಿಂದ ಒಂದು ಹಿಡಿ ತೆಗೆದು ಶಿಷ್ಯನ ಅಂಗೈಗೆ ಸುರಿದರು. ನುಣ್ಣನೆಯ ಉರುಟು ಕಲ್ಲು, ಮರಳು, ಎರಡು ಕಪ್ಪೆಚಿಪ್ಪು.

"ಇವನ್ನ ಇಲ್ಲಿ ಯಾರು ತಂದಿಟ್ರಪಾ?"

ಚನ್ನಮಲ್ಲ ಕಲ್ಲನ್ನು ಬೆರಳಲ್ಲಿ ಹೊರಳಿಸಿ ನೋಡಿದ. "ಹಳ್ಳ, ಅಪ್ಪಾರ. ಆದ್ರ ಅದು ಬತ್ತಿ ಭಾಳ ವರ್ಷ ಆಗೇತ್ರಿ."

"ಇನ್ನ ಬರೂದಿಲ್ಲಂತ ನಿನಗ ಹೇಳಿ ಹೋಗೇತೇನು?"

ಆ ಕಡೆ ತುಂಗವ್ವ ಒಲೆ ಎಲ್ಲಿ ಹೂಡಬೇಕೆಂದು ಮಕ್ಕಳಿಗೆ ತೋರಿಸುತ್ತಿದ್ದಳು. ಅದನ್ನು ಕಂಡು ಚನ್ನಮಲ್ಲ ಬಗ್ಗಿ, ಸುಣ್ಣದ ಗೆರೆಗಳನ್ನು ತಾನೇ ಅಳಿಸತೊಡಗಿದ.

ಮತ್ತೆ ಅಳೆದ. ಮನೆಗಳು ಮರಡಿಯ ಮೇಲೆ, ಗೋಡೆಗೆ ಗೋಡೆ ಹತ್ತಿಸಿ. ಮೆತ್ತನೆಯ ಕಪ್ಪು ನೆಲ ಜೋಳಕ್ಕೆ. ಹಳ್ಳದ ದಾರಿಯನ್ನು ಅಗಲಕ್ಕೆ ಬಿಟ್ಟ, ಒಣಗಿದಾಗ ದನ ಮೇಯಲಿ ಎಂದು. ಕಲ್ಲು ಒಡೆದು ಒಡೆದು ಕೈಗೆ ಬೊಬ್ಬೆ ಬಂದ ಜನ ಅವನನ್ನು ಬಾಯಿಗೆ ಬಂದಂತೆ ಬೈದರು.

ಶ್ರಾವಣದಲ್ಲಿ ಮೂರು ದಿನ ಬಿಡದೆ ಮಳೆ. ನಾಲ್ಕನೆಯ ಬೆಳಗ್ಗೆ ಚನ್ನಮಲ್ಲ ಬರಿಗಾಲಲ್ಲೇ ಮರಡಿಗೆ ಓಡಿದ. ಕೆಳಗೆ ಹಳ್ಳ ಕೆಂಪಗೆ, ದಂಡೆ ತುಂಬ ಹರಿಯುತ್ತಿತ್ತು. ತುಂಗವ್ವ ಹೊಸ್ತಿಲಲ್ಲಿ ಕೂತು ಮಗಳ ತಲೆ ಬಾಚುತ್ತಿದ್ದಳು.

"ಯಾಕ್ರೀ, ಹಿಂಗ ತೊಯ್ಸಿಕೊಂಡು ಬಂದೀರಿ? ಒಳಗ ಬರ್ರಿ, ನೆಲ ಒಣಗೈತಿ."

ಚನ್ನಮಲ್ಲ ಅಲ್ಲೇ ಕೂತ. ನಗು ಬಂತು, ಅಳುವೂ ಬಂತು. ಇಷ್ಟು ನಿರಾಳ ಅವನಿಗೆ ಎಂದೂ ಆಗಿರಲಿಲ್ಲ.

ಮಠಕ್ಕೆ ಮರಳಿ ಗುರುವಿನ ಪಾದ ಹಿಡಿದ. "ಎಲ್ಲಾರೂ ಉಳಿದ್ರು, ಅಪ್ಪಾರ. ನನ್ನ ಕೆಲಸ ಮುಗೀತು. ಇನ್ನ ಜಪಕ್ಕ ಕೂಡ್ಲೇನ್ರಿ?"

ಗುರು ಹೇಳಿದರು: "ಆ ಜಾಗ ಯಾಕ ಬಿಟ್ಟೀವಿ ಅನ್ನೂದು ಮಳಿಗಾಲದಾಗ ಎಲ್ಲಾರಿಗೂ ಗೊತ್ತಿರ್ತೈತಿ. ಬ್ಯಾಸಿಗ್ಯಾಗ ನೆನಪಿಡಾಕ ನೀ ಬೇಕು."