ಹಗಲುಮನೆಯ ಹಿತ್ತಲ ಬಾಗಿಲು

"ಅಜ್ಜಯ್ಯಾ, ಇಷ್ಟು ಮರ್ಯಾದೆ ಕೊಟ್ಟರೂ ವಯಸ್ಸಾದವರು ಯಾಕೆ ನಿಲ್ಲುವುದಿಲ್ಲ?" ಎಂದು ನಿರ್ವಾಣಪ್ಪ ಕೇಳಿದ.

ಅಜ್ಜಯ್ಯ ಮಠದ ಗುರುಗಳು, ನಿರ್ವಾಣಪ್ಪ ಅವರ ಶಿಷ್ಯ. ಮಠದ ಹಿಂದಿನ ಖಾಲಿ ಪಡಸಾಲೆಯಲ್ಲಿ ಅವನು ಊರಿನ ಮುದುಕ ಮುದುಕಿಯರಿಗೆಂದು ಒಂದು ಹಗಲುಮನೆ ತೆರೆದಿದ್ದ. ಬೆಳಿಗ್ಗೆ ಬಂದು, ಓರಗೆಯವರ ಜೊತೆ ಕೂತು, ಉಂಡು, ಸಂಜೆಗೆ ತಮ್ಮ ತಮ್ಮ ಮನೆ ಸೇರಿಕೊಳ್ಳುವ ಜಾಗ. ಬಂದವರ ಕಾಲಿಗೆ ನೀರು ಕೊಟ್ಟ. ಎಲೆ ಹಾಕಿ ಪಾಯಸ ಬಡಿಸಿದ. ಹೊರಡುವಾಗ ಎಲೆ ಅಡಿಕೆ ಕೊಟ್ಟು ಕೈಮುಗಿದ. ಮಾರನೆಯ ದಿನ ಹೊಸ ಚಾಪೆಯ ಮೇಲೆ ಮಠದ ಬೆಕ್ಕು ಒಂದೇ ಮಲಗಿತ್ತು.

"ಅತಿಥಿಗಳಿಗೆ ಮಾಡುವ ಉಪಚಾರ ಎಲ್ಲ ಮಾಡಿದೆ," ಎಂದ ನಿರ್ವಾಣಪ್ಪ. "ನನಗೇ ಇಲ್ಲಿ ಅಷ್ಟು ಗೌರವ ಸಿಕ್ಕಿಲ್ಲ. ಇವತ್ತು ಬೆಳಿಗ್ಗೆ ಕೂಡ ಅಂಬಲಿ ಗಂಟು ಕಟ್ಟಿತೆಂದು ಎಲ್ಲರೆದುರು ನನ್ನನ್ನು ಬೈದಿರಿ."

"ಗಂಟು ಕಟ್ಟಿತ್ತು, ಬೈದೆ. ಕೂತುಕೊಂಡು ಕೇಳು," ಎಂದು ಅಜ್ಜಯ್ಯ ಕತೆ ಶುರು ಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಹುಣಸೆಹಣ್ಣಿನ ವರ್ತಕನಿದ್ದ. ಅವನ ತಾಯಿ ಹುಣಸೆ ಜಜ್ಜಿಯೇ ಮಗನನ್ನು ಸಾಕಿದವಳು. ಕೆಳಗೊಂದು ಕಲ್ಲು, ಕೈಯಲ್ಲಿ ಮರದ ಕೊಡತಿ, ಮುಂದೆ ಹಣ್ಣಿನ ರಾಶಿ, ಸುತ್ತ ಕೇರಿಯ ಹೆಂಗಸರು, ನಡುವೆ ಊರ ಸುದ್ದಿ. ಬೀಜ ಒಂದು ಕಡೆ ಬೀಳುತ್ತಿತ್ತು, ನಾರು ಒಂದು ಕಡೆ, ಯಾರದೋ ಮಾನ ಇನ್ನೊಂದು ಕಡೆ. ಹಾಗೆ ದಿನ ಹೋಗುತ್ತಿತ್ತು.

ಮಗನ ಅಂಗಡಿ ದೊಡ್ಡದಾಯಿತು. ತಲೆಗೆ ರುಮಾಲು ಬಂತು. ರುಮಾಲಿನ ಹಿಂದೆಯೇ ನಾಚಿಕೆಯೂ ಬಂತು.

"ಅಮ್ಮಾ, ನೀನಿನ್ನು ಹುಣಸೆ ಮುಟ್ಟಬೇಡ. ನೋಡಿದವರು ಏನಂದಾರು? ಆರಾಮಾಗಿ ಸುಮ್ಮನೆ ಕೂತಿರು," ಎಂದ.

ತಾಯಿ ಸುಮ್ಮನೆ ಕೂತಳು. ಕೂತವಳು ಬರಬರುತ್ತ ಮಾತನ್ನೂ ಬಿಟ್ಟಳು. ಆಮೇಲೆ ಊಟವೂ ಇಳಿಯಿತು. ಒಂದು ತುತ್ತು ಬಾಯಿಗೆ, ಉಳಿದದ್ದು ಕಾಗೆಗೆ.

ಅತ್ತೆ ಮಾತು ಬಿಟ್ಟರೆ ಊರು ಯಾರ ಜುಟ್ಟು ಹಿಡಿಯುತ್ತದೆ? ಸೊಸೆಯದೇ. ನೀರಿಗೆ ಬಂದವರು ತುಂಬಿದ ಕೊಡ ಕೆಳಗಿಳಿಸಿ ನಿಂತರು. ಅತ್ತೆಯ ನಾಲಿಗೆಗೆ ಸೊಸೆ ಅದೇನೋ ಮದ್ದು ಹಾಕಿಸಿದ್ದಾಳಂತೆ ಎಂದಳು ಒಬ್ಬಳು. ಮದ್ದೂ ಇಲ್ಲ ಮಣ್ಣೂ ಇಲ್ಲ, ಪೆಟ್ಟಿಗೆಯ ಬೀಗದಕೈ ಕಿತ್ತುಕೊಂಡು ಮೂಲೆಗೆ ತಳ್ಳಿದ್ದಾಳೆ ಎಂದಳು ಇನ್ನೊಬ್ಬಳು. ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಹೇಳದೆ ಬಿಟ್ಟವರೂ ಒಬ್ಬರಿಲ್ಲ.

ಸುದ್ದಿ ಗಾಡಿ ಹತ್ತಿ ದೂರದೂರಿನ ಮಗಳಿಗೂ ಮುಟ್ಟಿತು. ಅವಳು ಹೇಳಿ ಕಳಿಸಿದಳು: "ಯುಗಾದಿ ಕಳೆದ ಮೇಲೆ ಬರುತ್ತೇನೆ. ಅಮ್ಮ ಹೀಗೇ ಇದ್ದರೆ ಗಾಡಿಯಲ್ಲಿ ಕೂರಿಸಿಕೊಂಡು ಹೊರಡುತ್ತೇನೆ. ಗಂಡುಮಗ ಇದ್ದೂ ಅಳಿಯನ ಮನೆಯ ಅನ್ನ ತಿನ್ನುವ ಹಾಗಾಯಿತೆಂದು ಹತ್ತೂರಿಗೆ ತಿಳಿಯಲಿ."

ಅತ್ತೆಯನ್ನು ಕಳಿಸಿಕೊಡಲು ಸೊಸೆಗೆ ಮನಸ್ಸಿಲ್ಲ. ಊರ ಬಾಯಿಗೆ ಹೆದರಿ ಮಾತ್ರ ಅಲ್ಲ. ಅವಳು ತಾಯಿಯಿಲ್ಲದ ಮನೆಯಿಂದ ಬಂದವಳು. ಸಾರಿಗೆ ಎಷ್ಟು ಉಪ್ಪು ಬೀಳಬೇಕು ಎನ್ನುವುದರಿಂದ ಹಿಡಿದು ಗಂಡನ ಸಿಟ್ಟು ಯಾವ ಹೊತ್ತಿಗೆ ಇಳಿಯುತ್ತದೆ ಎನ್ನುವ ತನಕ ಎಲ್ಲ ಕಲಿಸಿದ್ದು ಈ ಅತ್ತೆ. ಬೈದೇ ಕಲಿಸಿದ್ದಳು. ಈಗ ಬೇಕೆಂದೇ ಒಂದು ಹಿಡಿ ಉಪ್ಪು ಜಾಸ್ತಿ ಸುರಿದರೂ ಅತ್ತೆ ತುಟಿ ಬಿಚ್ಚುವುದಿಲ್ಲ. ಆ ಸಾರನ್ನು ಸೊಸೆಯೇ ಕುಡಿದು ಮುಗಿಸಬೇಕು.

ಓರಗೆಯವರು ಸುತ್ತ ಇದ್ದರೆ ಅತ್ತೆಗೆ ಬಾಯಿ ಬಂದೀತು ಎಂದು ಅವಳಿಗೆ ತೋಚಿತು. ಗಂಡನಿಗೆ ಹೇಳಿದಳು. ಅವನು ಒಂದು ಹಳೆಯ ಮಳಿಗೆಗೆ ಸುಣ್ಣ ಬಳಿಸಿ ಹಗಲುಮನೆ ಮಾಡಿಕೊಟ್ಟ. ಸೊಸೆ ಮನೆ ಮನೆಗೆ ಹೋಗಿ ಮುದುಕರನ್ನು ಕರೆದಳು. ಎಲ್ಲರೂ ಬಂದರು. ಕಾಲಿಗೆ ನೀರು, ಕೂರಲು ಜಮಖಾನ, ಉಣ್ಣಲು ಹೋಳಿಗೆ. ಸಂಜೆ ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು. ತುಂಬು ಬಾಯಿಂದ ಹರಸಿ ಹೋದರು.

ಮಾರನೆಯ ದಿನ ಯಾರೂ ಬರಲಿಲ್ಲ. ಮತ್ತೆ ಹೋಗಿ ಕರೆದಳು, ಮತ್ತೆ ಬಂದರು. ಅದರ ಮಾರನೆಯ ದಿನ ಮತ್ತೆ ಇಲ್ಲ. ಬಂದ ದಿನವಾದರೂ ಕಂಬಕ್ಕೆ ಒರಗಿದವರಿಲ್ಲ, ಕಾಲು ಚಾಚಿದವರಿಲ್ಲ. ಬೀಗರ ಮನೆಯಲ್ಲಿ ಕೂತ ಹಾಗೆ ಸೆರಗು ಸರಿಮಾಡಿಕೊಳ್ಳುತ್ತ, "ಸಾಕು ತಾಯಿ, ಸಾಕು ತಾಯಿ" ಎನ್ನುತ್ತ ಕೂತಿದ್ದರು. ಅವರ ನಡುವೆ ಅತ್ತೆಯೂ ಇನ್ನೊಂದು ಕಂಬ.

ಎಲ್ಲಿ ತಪ್ಪಾಯಿತು? ಸೊಸೆ ಹೋಳಿಗೆಯ ಚೂರು ಬಾಯಿಗೆ ಹಾಕಿ ನೋಡಿದಳು. ಜಮಖಾನ ಕೊಡವಿ ತಿಗಣೆ ಹುಡುಕಿದಳು. ಮಳಿಗೆಯಲ್ಲಿ ಯಾರಾದರೂ ಸತ್ತಿದ್ದರೇನೋ ಎಂದು ಗಂಡನನ್ನು ಕೇಳಿದಳು. ಏನೂ ಹೊಳೆಯಲಿಲ್ಲ.

ಒಬ್ಬಳು ಮಾತ್ರ ಕರೆಯದಿದ್ದರೂ ದಿನವೂ ಬರುತ್ತಿದ್ದಳು. ಕಾಳಿಂಗಮ್ಮ ಎಂಬ ಮುದುಕಿ. ಊರಲ್ಲಿ ಯಾರ ಮನೆಯ ಹಾಲು ಒಡೆದರೂ ಹಾಲಿಗಿಂತ ಮುಂಚೆ ಅವಳಿಗೆ ತಿಳಿಯುತ್ತಿತ್ತು. ಅವಳು ಬಂದು ಸುಮ್ಮನೆ ಕೂರುವವಳಲ್ಲ. ಪಾತ್ರೆಯ ಮುಚ್ಚಳ ತೆಗೆದು ನೋಡುವಳು. ಬಾಗಿಲ ಸಂದಿಗೆ ಕಿವಿ ಕೊಡುವಳು. ಮೈಮೇಲೆ ಬರೆ ಇದೆಯೋ ಎಂದು ಅತ್ತೆಯ ಸೆರಗು ಸರಿಸಿ ಬೆನ್ನು ನೋಡಿದವಳು ಅವಳು. ಹೊಟ್ಟೆ ತುಂಬ ಉಂಡು, ಸಾರು ಸಪ್ಪೆ ಎಂದು ಹೇಳುವವಳೂ ಅವಳೊಬ್ಬಳೇ. ಆದರೆ ಸಂಜೆ ಎಲೆ ಅಡಿಕೆಯ ತಟ್ಟೆ ಹೊರಗೆ ಬರುವುದೇ ತಡ, ಕಾಳಿಂಗಮ್ಮ ಮಾಯ. ಹಿತ್ತಲ ಬಾಗಿಲಿಂದ ಜಾರಿರುತ್ತಿದ್ದಳು.

ಸೊಸೆಗೆ ಗುಮಾನಿ ಬಂತು. ಲೋಟ, ತಂಬಿಗೆ, ಸೌಟು ಎಲ್ಲ ನೋಡಿದಳು. ಇದ್ದಲ್ಲೇ ಇದ್ದವು. ಕದಿಯಲಿಲ್ಲ ಎಂದ ಮೇಲೆ ಹಿತ್ತಲ ಬಾಗಿಲು ಯಾಕೆ? ಒಂದು ಸಂಜೆ ಅವಳೇ ತಟ್ಟೆ ಹಿಡಿದು ಹೋಗಿ ಆ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗಜ್ಜೀ, ಹಾಲು ಕುಡಿದ ಬೆಕ್ಕಿನ ಹಾಗೆ?"

ಕಾಳಿಂಗಮ್ಮ ತಟ್ಟೆ ನೋಡಿದವಳೇ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಅಯ್ಯೋ ದಾರಿ ಬಿಡೇ ತಾಯಿ. ಅದನ್ನ ಅತ್ಲಾಗಿಡು."

"ಎಲೆ ಅಡಿಕೆ ಅಜ್ಜಿ, ವಿಷ ಅಲ್ಲ. ಊರಲ್ಲಿ ಯಾರ ಮನೇದು ಬಿಟ್ಟಿದೀಯ ನೀನು? ನಮ್ಮನೇದು ಮಾತ್ರ ಬೇಡವಾ?"

"ಇಸ್ಕೊಂಡ್ರೆ ನಾಳೆ ಯಾವ ಮುಖ ಹೊತ್ಕೊಂಡು ಬರ್ಲಿ? ಎಲೆ ಅಡಿಕೆ ಕೈಗಿಟ್ರು ಅಂದ್ರೆ ಬಂದಿದ್ದಾಯ್ತು, ಉಂಡಿದ್ದಾಯ್ತು, ಇನ್ನು ಎದ್ದು ಹೋಗು ಅಂತ. ಮತ್ತೆ ಕರೆಯೋಗಂಟ ಆ ಹೊಸಲು ತುಳಿಯೋ ಹಂಗಿಲ್ಲ. ಈ ಊರಿನ ಮುದುಕ್ರಿಗೆ ಹಲ್ಲು ಹೋಗಿರಬೋದು, ಮಾನ ಹೋಗಿಲ್ಲ. ನಾನು ಮಾನ ಬಿಟ್ಟೋಳೇ ಅನ್ನು. ಆದ್ರೂ ಅಷ್ಟೊಂದು ಬಿಟ್ಟಿಲ್ಲ. ಅದಕ್ಕೇ ನಿನ್ನ ತಟ್ಟೆ ಬರೋದ್ರೊಳಗೆ ಜಾಗ ಖಾಲಿ ಮಾಡ್ತೀನಿ."

"ಅಷ್ಟು ಕಷ್ಟಪಟ್ಟು ದಿನಾ ಯಾಕೆ ಬರ್ತೀಯ ಮತ್ತೆ?"

"ನಿನ್ನತ್ತೆಗೆ ನೀನು ಏನು ಮಾಡಿದೀಯ ಅನ್ನೋದು ಇನ್ನೂ ಪತ್ತೆ ಆಗಿಲ್ವಲ್ಲ!"

ಸೊಸೆ ತಟ್ಟೆ ಹಿಡಿದು ಅಲ್ಲೇ ನಿಂತಳು. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ನಕ್ಕು ಮುಗಿಸುವ ಹೊತ್ತಿಗೆ ಒಂದು ಯೋಚನೆಯೂ ಬಂತು.

"ಅಜ್ಜೀ, ನಿನಗೊಬ್ಬಳಿಗೇ ಒಂದು ಗುಟ್ಟು ಹೇಳ್ತೀನಿ. ಯಾರ ಹತ್ರನೂ ಬಾಯಿ ಬಿಡಬೇಡ. ನಾಳೆ ನಮ್ಮೋರು ಸಂತೆಗೆ ಹೋಗ್ತಾರೆ. ಹಗಲುಮನೇಲಿ ಹುಣಸೆ ರಾಶಿ ಹಾಕಿಸ್ತೀನಿ. ಇನ್ನು ಮೇಲೆ ಈ ಮನೇಲಿ ಹೋಳಿಗೆ ಇಲ್ಲ, ಎಲೆ ಅಡಿಕೆ ಇಲ್ಲ. ಬಂದ ಮುದುಕರೆಲ್ಲ ಹುಣಸೆ ಜಜ್ಜಬೇಕು. ನಮ್ಮತ್ತೆಯೂ ಸೇರಿ."

ಕಾಳಿಂಗಮ್ಮನ ಮುಖ ಹಬ್ಬವಾಯಿತು. ಬಾಯಿ ಬಿಡಬೇಡ ಎಂದು ಅವಳಿಗೆ ಹೇಳುವುದೂ ಒಂದೇ, ಊರಿಗೆ ತಮಟೆ ಹೊಡೆಸುವುದೂ ಒಂದೇ. ದೀಪ ಹಚ್ಚುವ ಹೊತ್ತಿಗೆ ಪೇಟೆಗೆಲ್ಲ ತಿಳಿಯಿತು. "ಕೇಳಿದ್ರಾ, ಆ ಮಾರಿ, ಮುದುಕರ ಕೈಲಿ ಹುಣಸೆ ಜಜ್ಜಿಸ್ತಾಳಂತೆ! ಸ್ವಂತ ಅತ್ತೇನೂ ಬಿಟ್ಟಿಲ್ವಂತೆ!"

ಬೆಳಗಾಗುವುದೇ ತಡ, ಕೋಲು ಊರಿಕೊಂಡು, ಗೋಡೆ ಹಿಡಿದುಕೊಂಡು ಮುದುಕರೆಲ್ಲ ಬಂದರು. ಯಾರೂ ಕರೆದಿರಲಿಲ್ಲ. ಮದುವೆಗೆ ಹೋಗಲು ಕರೆ ಬೇಕು, ರಂಪ ನೋಡಲು ಕರೆ ಬೇಕೇ?

ನೋಡಿದರೆ, ರಾಶಿಯ ಮುಂದೆ ಸೊಸೆಯೇ ಕೊಡತಿ ಹಿಡಿದು ಕೂತಿದ್ದಾಳೆ. ಹುಣಸೆಹಣ್ಣನ್ನು ಸಾರಿಗೆ ಕಿವುಚಿ ಗೊತ್ತೇ ಹೊರತು ಜಜ್ಜಿ ಗೊತ್ತಿಲ್ಲದವಳು. ಒಂದು ಪೆಟ್ಟು ಹಣ್ಣಿಗೆ, ಒಂದು ಪೆಟ್ಟು ಕಲ್ಲಿಗೆ, ಒಂದು ಪೆಟ್ಟು ತನ್ನ ಬೆರಳಿಗೆ. ಮುದುಕರು ಬಾಗಿಲಲ್ಲೇ ನಿಂತು ನೋಡಿದರು. ಬಾಗಿಲಿಂದ ಒಳಗೆ ಬಂದು ನೋಡಿದರು. ನಿಂತು ನೋಡುವುದು ಕಷ್ಟವಾಗಿ ಕೂತು ನೋಡಿದರು. "ಹಂಗಲ್ಲ ಕಣಮ್ಮ, ಓರೆ ಹಿಡಿ," ಎಂದ ಒಬ್ಬ ಮುದುಕ. "ನಿನಗೇನು ಗೊತ್ತು, ನೆಟ್ಟಗೇ ಹಿಡೀಬೇಕು," ಎಂದಳು ಒಬ್ಬ ಮುದುಕಿ. ಅವರಿಬ್ಬರ ಜಗಳ ಹತ್ತಿತು.

ಅತ್ತೆ ಕಂಬದ ಬುಡದಲ್ಲಿ ಕೂತು ಕೊಡತಿಯನ್ನೇ ನೋಡುತ್ತಿದ್ದಳು. ಏಳುತ್ತದೆ, ಬೀಳುತ್ತದೆ, ಬೀಜ ಒಡೆಯುತ್ತದೆ. ಅವಳ ಬೆರಳು ನೆಲದ ಮೇಲೆ ಹರಿದಾಡಿತು. ಇನ್ನೊಂದು ಬೀಜ ಒಡೆಯಿತು.

"ಯಾರೇ ನಿನ್ನ ಕೈಗೆ ಕೊಡತಿ ಕೊಟ್ಟೋರು?" ಎಂದಳು ಅತ್ತೆ. "ಬೀಜ ಪುಡಿ ಮಾಡ್ತಾ ಇದೀಯ, ನಾರು ಹಂಗೇ ಬಿಟ್ಟಿದೀಯ. ಏಳು, ಏಳಾಚೆ! ಇಷ್ಟು ವರ್ಷ ಈ ಮನೇಲಿ ಏನು ಕಲಿತೆ?"

ಸೊಸೆ ಎದ್ದು ಕೊಡತಿ ಕೊಟ್ಟಳು. ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಕಾಳಿಂಗಮ್ಮ ಅದನ್ನು ಬಿಟ್ಟಾಳೆಯೇ? "ಅತ್ತೆ ಉಗಿದಳು, ಸೊಸೆ ಅತ್ತಳು," ಎಂದು ಊಟದ ಹೊತ್ತಿನೊಳಗೆ ಮೂರು ಕೇರಿಗೆ ಹಂಚಿ ಬಂದು, ತಾನೂ ಒಂದು ಕಲ್ಲು ಎಳೆದುಕೊಂಡು ಕೂತಳು.

ಸಂತೆಯಿಂದ ಬಂದ ವರ್ತಕ ಬಾಗಿಲಲ್ಲೇ ತಲೆಯ ಮೇಲೆ ಕೈಹೊತ್ತ. "ಏನಿದು! ನನ್ನ ಮಾನ ಬೀದಿಗೆ ಬಂತು," ಎಂದು ಕೂಗಿಕೊಂಡು ಒಳಗೆ ನುಗ್ಗಿದ.

"ಕಾಲು ತೆಗಿಯೋ, ಹಣ್ಣು ತುಳೀತಾ ಇದೀಯ," ಎಂದಳು ತಾಯಿ.

ಅವನು ಕಾಲು ತೆಗೆದ. ತಾಯಿಯ ದನಿ ಕೇಳಿ ಎಷ್ಟು ಕಾಲವಾಗಿತ್ತೆಂದು ಆಗ ಅವನಿಗೆ ನೆನಪಾಯಿತು. ಮಾನದ ಮಾತು ಬಿಟ್ಟು, ತುಳಿದ ಹಣ್ಣನ್ನು ಎತ್ತಿ ರಾಶಿಗೆ ಹಾಕಿದ.

ಅವತ್ತು ಸಂಜೆ ತಟ್ಟೆ ಹೊರಗೆ ಬರಲಿಲ್ಲ. ಮುದುಕರು ಸ್ವಲ್ಪ ಹೊತ್ತು ಕಾದರು. ಆಮೇಲೆ ಒಬ್ಬೊಬ್ಬರೇ ಎದ್ದು, "ಬರ್ತೀನಿ ಕಣವ್ವಾ," ಎಂದರು. ಸೊಸೆ ಒಲೆಯ ಮುಂದಿನಿಂದ ಏಳದೆಯೇ, "ಹ್ಞೂ," ಎಂದಳು. ಮಾರನೆಯ ದಿನ ಅವರೆಲ್ಲ ಬಂದರು. ಯಾಕೆ ಬಂದಿರಿ ಎಂದು ಯಾರೂ ಕೇಳಲಿಲ್ಲ.

ಕಣ್ಣು ಮಂಜಾದವನು ಬೆರಳಲ್ಲೇ ನಾರು ಹುಡುಕಿ ಎಳೆಯುತ್ತಿದ್ದ. ಕೈ ನಡುಗುವವಳು ಜಜ್ಜುವವರ ತಪ್ಪು ಹೇಳುತ್ತಿದ್ದಳು. ಒಬ್ಬ ಮುದುಕ ಒಂದು ಹಣ್ಣನ್ನೂ ಮುಟ್ಟದೆ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದ. ಅವನನ್ನು ಎಲ್ಲರೂ ಬೈಯುತ್ತಿದ್ದರು. ಒಂದು ದಿನ ಅವನು ಬರದಿದ್ದಾಗ, ಏನಾಯಿತೋ ನೋಡಿಕೊಂಡು ಬಾ ಎಂದು ಕಾಳಿಂಗಮ್ಮನನ್ನು ಓಡಿಸಿದವರೂ ಅವರೇ. ಹೋಗುವಾಗ ಮನೆಯ ಸಾರಿಗೆಂದು ಒಂದೊಂದು ಉಂಡೆ ಹುಣಸೆ ತಾವೇ ತೆಗೆದುಕೊಳ್ಳುತ್ತಿದ್ದರು. ಕೊಟ್ಟವರೂ ಇಲ್ಲ, ಕೇಳಿದವರೂ ಇಲ್ಲ.

ಯುಗಾದಿ ಕಳೆಯಿತು. ಮಗಳು ಗಾಡಿ ಕಟ್ಟಿಸಿಕೊಂಡು ಬಂದಳು. ಹಗಲುಮನೆಯ ಬಾಗಿಲಲ್ಲಿ ನಿಂತು ನೋಡಿದರೆ, ತಾಯಿ ಹುಣಸೆ ಮೆತ್ತಿದ ಕೈಯಾಡಿಸುತ್ತ ಕಾಳಿಂಗಮ್ಮನ ಜೊತೆ ಕಾದಾಡುತ್ತಿದ್ದಾಳೆ. ಪಟೇಲನ ತಂಗಿ ಓಡಿಹೋದದ್ದು ಬಳೆಗಾರನ ಜೊತೆಯೋ ಬಳೆಗಾರನ ತಮ್ಮನ ಜೊತೆಯೋ ಎಂಬುದು ವ್ಯಾಜ್ಯ.

"ಓ, ಬಂದೆಯಾ? ಕೈಕಾಲು ತೊಳ್ಕೊಂಡು ಉಣ್ಣು ಹೋಗು," ಎಂದಳು ತಾಯಿ.

ಮಗಳು ಉಂಡಳು. ಉಂಡ ಕೈ ತೊಳೆದು ಬಂದು ಕಣ್ಣೀರು ತೆಗೆದಳು. "ಈ ವಯಸ್ಸಲ್ಲಿ ನಿನ್ನ ಕೈಲಿ ಜೀತ ಮಾಡಿಸ್ತಾ ಇದಾರಾ ಅಮ್ಮಾ? ಏಳು, ನಮ್ಮನೆಗೆ ಹೋಗೋಣ. ಕಡ್ಡಿ ಎತ್ತಿ ಈ ಕಡೆಯಿಂದ ಆ ಕಡೆ ಇಡಬೇಡ, ರಾಣಿ ಹಾಗೆ ಕೂರಿಸ್ತೀನಿ. ಗಾಡಿ ಕಾಯ್ತಾ ಇದೆ."

ಕೊಡತಿಗಳೆಲ್ಲ ನಿಂತವು. ಗೊರಕೆ ಹೊಡೆಯುವವನೂ ಕಣ್ಣು ಬಿಟ್ಟ. ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದಳು. ಇರು ಎಂದು ಅವಳು ಹೇಗೆ ಹೇಳಿಯಾಳು? ಹೆತ್ತ ಮಗಳ ಎದುರು ಸೊಸೆಯ ಮಾತು ಎಷ್ಟು ತೂಗೀತು?

ತಾಯಿ ಮಗಳ ಮುಖ ನೋಡಿದಳು. ಬೆರಳಿಗೆ ಅಂಟಿದ ನಾರನ್ನು ನಿಧಾನಕ್ಕೆ ಬಿಡಿಸಿ ರಾಶಿಯ ಪಕ್ಕಕ್ಕೆ ಹಾಕಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದಳು.

"ಲೇ ಮಗಾ, ತಟ್ಟೆ ತಗೊಂಡು ಬಾ. ಎಲೆ ಅಡಿಕೆ ಇಡು. ನಿನ್ನ ನಾದಿನಿ ಹೊರಟವಳೆ, ಮಡಿಲು ತುಂಬಿ ಕಳಿಸು."

ಕಾಳಿಂಗಮ್ಮ ಸುದ್ದಿ ಹಂಚಲು ಆಗಲೇ ಹಿತ್ತಲ ಬಾಗಿಲಿಗೆ ಓಡಿದ್ದಳು.

ಅಜ್ಜಯ್ಯ ಕತೆ ನಿಲ್ಲಿಸಿದರು.

ನಿರ್ವಾಣಪ್ಪ ತಲೆ ಕೆರೆದುಕೊಂಡ. "ಹಾಗಾದರೆ ನಾಳೆಯಿಂದ ನಾನೂ ಎಲೆ ಅಡಿಕೆ ಕೊಡುವುದನ್ನು ಬಿಡುತ್ತೇನೆ. ಆದರೆ ಅಜ್ಜಯ್ಯಾ, ಮರ್ಯಾದೆ ಕಡಿಮೆಯಾಯಿತೆಂದು ಅವರು ನೊಂದುಕೊಂಡರೆ?"

ಅಜ್ಜಯ್ಯ ಅವನ ಮುಖವನ್ನೇ ನೋಡಿ ಕೇಳಿದರು: "ನಿರ್ವಾಣಪ್ಪಾ, ನೀನು ಈ ಮಠಕ್ಕೆ ಬಂದ ದಿನದಿಂದ ನಾನು ನಿನಗೆ ಒಮ್ಮೆಯಾದರೂ ಎಲೆ ಅಡಿಕೆ ಕೊಟ್ಟಿದ್ದೇನೆಯೇ?"