ನಲ್ಲಿ ನೀರಿನ ಕಾಫಿ

ಕೇಳ್ರಪ್ಪಾ, ನಮ್ಮ ಬೀದಿ ಮನೆಗಳ ನಲ್ಲೀಲಿ ನೀರು ಬರೋದು ಎಂಟು ದಿನಕ್ಕೊಂದು ಸಲ. ನಡುವೆ ಟ್ಯಾಂಕರೇ ಗತಿ. ಒಂದಿನ ನೀರು ಸರಬರಾಜಿನ ಸಾಹೇಬರು ಕಾಗದ ಹಿಡಿದು ನಮ್ಮ ಬೀದಿಯ ಮುದುಕಿ ನಿಂಗಾಜಮ್ಮನ ಮನೆಗೆ ಬಂದರು.

"ದಿನಾ ನೀರು ಬರುತ್ತೆ ಅಂತ ಹೆಬ್ಬೆಟ್ಟು ಒತ್ತಮ್ಮ. ನಾಳೆಯಿಂದ ಟ್ಯಾಂಕರ್ ನಿಲ್ಲಿಸ್ತೀವಿ."

ಜಗಳಕ್ಕೆ ಅವಳಲ್ಲಿ ತ್ರಾಣ ಎಲ್ಲಿತ್ತು?

"ಒತ್ತೋಣ ಸ್ವಾಮಿ. ಮನೆಗೆ ಬಂದೋರು, ಮೊದಲು ಕಾಫಿ ಕುಡೀರಿ," ಅಂತ ಪಾತ್ರೆ ತಂದು ಹಿತ್ತಲ ನಲ್ಲಿ ಕೆಳಗಿಟ್ಟು, ಪಕ್ಕದಲ್ಲೇ ಕೂತಳು.

ಗಂಟೆ ಕಳೆಯಿತು. ಜಗಲಿಯಿಂದ ಸಾಹೇಬರು ಕೂಗಿದರು, "ಕಾಫಿ ಎಲ್ಲಮ್ಮ?"

"ನಿಮ್ಮ ನೀರಲ್ಲೇ ಮಾಡೋಣ ಅಂತ ಕಾಯ್ತಿದ್ದೀನಿ. ನಂಗೆ ಕಾಯೋದು ರೂಢಿ ಸ್ವಾಮಿ. ಗುರುವಾರ ಬರುತ್ತೆ. ಅಲ್ಲೀವರೆಗೂ ಮಲಗಿರಿ, ಚಾಪೆ ಹಾಸ್ತೀನಿ."

ಸಾಹೇಬರು ಎದ್ದು ಬಂದು ನಲ್ಲಿ ತಿರುಗಿಸಿದರು. ಬುಸ್ ಅಂತ ಗಾಳಿ ಬಂತು. ಪೆನ್ನು ತೆಗೆದು ಕಾಗದದಲ್ಲಿ 'ದಿನಾ' ಅನ್ನೋದನ್ನ ಹೊಡೆದು ಹಾಕಿ 'ಎಂಟು ದಿನಕ್ಕೊಮ್ಮೆ' ಅಂತ ಬರೆದರು.

ನಿಂಗಾಜಮ್ಮ ಹೆಬ್ಬೆಟ್ಟು ಒತ್ತಿ ನಿಟ್ಟುಸಿರು ಬಿಟ್ಟಳು. "ನಾಳೆ ಟ್ಯಾಂಕರ್ ಬೇಗ ಕಳಿಸಿ ಸ್ವಾಮಿ. ಸಾಲಲ್ಲಿ ನಿಂತೂ ನಿಂತೂ ಕಾಲು ನೋಯುತ್ತೆ."